ಲಿಫ್ಟಿನ ಬಳಿ ತುಂಡಾಗುತ್ತಿದ್ದ ಕರೆ

ಅವರ ಕುತ್ತಿಗೆಯ ಹಿಂದೆ ಎರಡು ಬೆರಳಗಲದ ಕಪ್ಪು ಪಟ್ಟಿಯಿತ್ತು. ಲ್ಯಾಪ್‌ಟಾಪ್ ಇಟ್ಟ ತಟ್ಟೆಯನ್ನು ಕಡಲೆ ಮಾರುವವರ ಹಾಗೆ ಬೆಲ್ಟಿನಿಂದ ಕೊರಳಿಗೆ ತೂಗುಹಾಕಿಕೊಂಡು, ಮಂಗಳೂರಿನ ಕಾಲೇಜು, ಆಸ್ಪತ್ರೆ, ಹೋಟೆಲುಗಳ ಕಾರಿಡಾರುಗಳಲ್ಲಿ ವರ್ಷಗಟ್ಟಲೆ ನಡೆದ ಗುರುತು ಅದು. ವೈ-ಫೈ ಎಲ್ಲಿ ಬಲವಾಗಿದೆ, ಎಲ್ಲಿ ಸೋಲುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಅಳೆಯುವುದು ನಮ್ಮ ಕೆಲಸ. ನಾನು ಹೊಸದಾಗಿ ಸೇರಿದಾಗ ಅವರೇ ನನ್ನ ಹಿರಿಯರು.

ಸಂಜೆಯಾದರೆ ಅವರ ಪಾದ ಬಾತು ಶೂ ಬಿಗಿಯುತ್ತಿತ್ತು. ಮೆಟ್ಟಿಲ ಮೇಲೆ ಕುಳಿತು ಲೇಸು ಸಡಿಲಿಸುತ್ತಾ, "ಮೊಬೈಲಲ್ಲಿ ನಾಲ್ಕು ಗೆರೆ ಕಂಡ್ರೆ ಎಂತ ಆಯ್ತು? ಮಾತು ಆಚೆ ಮುಟ್ತದಾ, ಅದನ್ನು ನೋಡು ಮಾರಾಯ್ತಿ" ಎನ್ನುತ್ತಿದ್ದರು. ಎದ್ದು ಅದೇ ಕಾರಿಡಾರನ್ನು ಇನ್ನೊಮ್ಮೆ ನಡೆಯುತ್ತಿದ್ದರು.

ಒಂದು ಆಸ್ಪತ್ರೆಯ ವೈ-ಫೈ ಅಳೆಯಲು ಮ್ಯಾನೇಜರ್ ನನ್ನೊಬ್ಬಳನ್ನೇ ಕಳಿಸಿದರು. ಅಲ್ಲಿ ನರ್ಸುಗಳು ವೈದ್ಯರನ್ನು ಕರೆಯುವುದು ವೈ-ಫೈ ಫೋನಿನಲ್ಲೇ. ಭಾನುವಾರ ಬೆಳಿಗ್ಗೆ, ಕಾರಿಡಾರಿನಲ್ಲಿ ಜನವಿಲ್ಲ. ಅಂಕಿಗಳೆಲ್ಲ ಚೆನ್ನಾಗಿಯೇ ಬಂದವು. ಹೊರಡುವಾಗ ಮೂರನೇ ಮಹಡಿಯ ಹೆಡ್ ನರ್ಸ್, "ಸಂಜೆ ಜನ ಬಂದಾಗ ಲಿಫ್ಟಿನ ಹತ್ರ ಕಾಲ್ ಕಟ್ ಆಗ್ತದೆ, ಸ್ವಲ್ಪ ನೋಡಿ" ಎಂದರು. ನನಗೆ ಸಾಕಾಗಿಹೋಗಿತ್ತು. ತಲೆಯಾಡಿಸಿ ಬಂದೆ. ಎಲ್ಲ ಸರಿಯಿದೆ ಎಂದು ಬರೆದು ಸಹಿ ಹಾಕಿದೆ.

ವರದಿ ಕೊಡುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು ವಿಚಾರಿಸುವುದು ನನ್ನ ಹಿರಿಯರ ಅಭ್ಯಾಸ. ಹೆಡ್ ನರ್ಸಿಗೆ ಫೋನ್ ಮಾಡಿದರು. ಮರುದಿನ ಸಂಜೆ ನನ್ನನ್ನೂ ಕರೆದುಕೊಂಡು ಹೋದರು. ರೋಗಿಗಳನ್ನು ನೋಡಲು ಬಂದವರಿಂದ ಕಾರಿಡಾರ್ ಕಿಕ್ಕಿರಿದಿತ್ತು, ಎಲ್ಲರ ಕೈಯಲ್ಲೂ ಮೊಬೈಲು. ಲಿಫ್ಟಿನ ಮೂಲೆ ತಿರುಗಿದ ಕೂಡಲೇ ಕರೆ ತುಂಡಾಗುತ್ತಿತ್ತು. ಹೆಡ್ ನರ್ಸ್ ನನ್ನನ್ನೇ ನೋಡುತ್ತಿದ್ದರು. ಹಿರಿಯರು ಮಾತ್ರ ಅದೇ ಮೂಲೆಯನ್ನು ಇನ್ನೊಮ್ಮೆ ನಡೆದು ಅಳೆದರು.

"ಭಾನುವಾರದ ಅಂಕಿ ಉಂಟಲ್ಲ, ಅದನ್ನೇ ಕೊಡುವ ಮಾರಾಯ್ರೆ" ಎಂದರು ಆಫೀಸಿನಲ್ಲಿ ಮ್ಯಾನೇಜರ್.

"ಎದೆನೋವು ಭಾನುವಾರ ನೋಡಿ ಬರ್ತದಾ ಸರ್?" ಎಂದರು ಹಿರಿಯರು.

ನನ್ನ ಸಹಿ ಇದ್ದ ಹಾಳೆ ತೆಗೆದುಹಾಕಿ, ಬೇರೆ ಹಾಳೆಯಲ್ಲಿ ಕೆಲಸ ಇನ್ನೂ ಮುಗಿದಿಲ್ಲ ಎಂದು ಬರೆದು, ತಾವೊಬ್ಬರೇ ಸಹಿ ಹಾಕಿದರು. "ಅವಳನ್ನು ತಪ್ಪು ಹೊತ್ತಿಗೆ ಕಳಿಸಿದ್ದು ನಾನೇ" ಎಂದೂ ಸೇರಿಸಿದರು. ಕಳಿಸಿದ್ದು ಯಾರೆಂದು ಮ್ಯಾನೇಜರ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಸುಮ್ಮನಿದ್ದೆ.

ಆ ಮಹಡಿಗೆ ಕಂಪನಿಯ ಖರ್ಚಿನಲ್ಲೇ ಮತ್ತೆ ತಂತಿ ಎಳೆದು ಹೊಸ ವೈ-ಫೈ ಪೆಟ್ಟಿಗೆ ಹಾಕಬೇಕಾಯಿತು. ಕರೆ ತುಂಡಾಗುವುದು ನಿಂತಿತು. ಮುಂದಿನ ತಿಂಗಳು ಹಿರಿಯರನ್ನು ಕಾಟಿಪಳ್ಳದ ಕಂಪನಿ ಗೋದಾಮಿಗೆ ಹಾಕಿದರು. "ಒಳ್ಳೇದೇ ಆಯ್ತು, ಕಾಲಿಗೆ ರೆಸ್ಟ್" ಎಂದು ನಕ್ಕರು. ಗೋದಾಮಿನಲ್ಲಿ ಅಳೆಯಲು ಏನೂ ಇರಲಿಲ್ಲ. ಎರಡು ವರ್ಷ ಅಲ್ಲೇ ಇದ್ದರು. ಕಳೆದ ವರ್ಷ ತೀರಿಕೊಂಡರು.

ತೊಕ್ಕೊಟ್ಟಿನ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದರು. "ಅವರ ಜೊತೆ ಕೆಲಸಕ್ಕಿದ್ದದ್ದು ನೀವೇ ಅಲ್ವಾ? ಯಾವಾಗಲೂ ಹೇಳ್ತಿದ್ರು. ನಿಮ್ಮ ಕೆಲಸದಲ್ಲಿ ಒಂದು ತಪ್ಪು ಹಿಡಿಯಲಿಕ್ಕೆ ಆಗುದಿಲ್ಲಂತೆ."

ಅವರು ಕೊಟ್ಟ ನೀರು ಕುಡಿದು, ತಲೆ ತಗ್ಗಿಸಿ ಕುಳಿತೆ.