ಅಲ್ಲಾಡದವರ ಫೋಟೋ ತೆಗೆಯುವ ಷಣ್ಮುಖಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾರನಹಳ್ಳಿಯ ಮನೆಯೊಂದರ ಪಡಸಾಲೆಯಲ್ಲಿ ಬಸವಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ, ಅಂಗೈಯಲ್ಲಿ ಲಿಂಗ. ರಾತ್ರಿ ತೀರಿಕೊಂಡ ಅಜ್ಜಿಯ ಸುತ್ತ ಮನೆಮಂದಿಯೆಲ್ಲ ನಿಂತು ಕೊನೆಯ ಫೋಟೋ ತೆಗೆಸಿಕೊಂಡ ಮೇಲೆಯೇ ಮಣ್ಣು. ಕರೆಂಟು ಹೋಗಿದೆ. ಅದು ಬೇಕಾದ ಹೊತ್ತಿಗೇ ಹೋಗುವುದು, ಬಿಡಿ.

ಷಣ್ಮುಖಪ್ಪ ಮಂಡಿಯೂರಿ ಕ್ಯಾಮರಾ ಕಣ್ಣಿಗೆ ಹಿಡಿಯುತ್ತಾರೆ. ಕತ್ತಲೆಯಲ್ಲಿ ಲೆನ್ಸು ಗುರ್ ಗುರ್ ಎಂದು ಹಿಂದೆ ಮುಂದೆ ತಡಕಾಡುತ್ತದೆ.

“ಯಾರಾದ್ರೂ ಅಜ್ಜಿ ಮಕುಕ್ಕೆ ಬ್ಯಾಟ್ರಿ ಬುಡಿ. ಆಂ, ಸಾಕು. ಅಳಾದು ಒಂದ್ ಗಳಿಗೆ ತಡೀರಿ ಕಣ್ರವ್ವಾ, ಅಲ್ಲಾಡುದ್ರೆ ಮಕ ಕಲಸೋಯ್ತದೆ.”

ಹೆತ್ತವ್ವ ಹೋದಾಗ ಅಳು ತಡೆ ಅಂದರೆ ತಡೆಯುತ್ತದೆಯೇ? ಕ್ಯಾಮರಾ ಬೆನ್ನಿನ ಪುಟ್ಟ ಪರದೆಯಲ್ಲಿ ನೋಡಿದರೆ ಮಗಳು, ಸೊಸೆ, ಮೊಮ್ಮಕ್ಕಳು ಎಲ್ಲರೂ ಮಸಕು. ಬಸವಮ್ಮ ಒಬ್ಬರೇ ಸ್ಪಷ್ಟ. ಷಣ್ಮುಖಪ್ಪ ಇನ್ನೊಂದು ತೆಗೆಯುತ್ತಾರೆ.

ಪಿರಿಯಾಪಟ್ಟಣದಲ್ಲಿ ಇವರದೊಂದು ಕಿರುಕೋಣೆಯ ಸ್ಟುಡಿಯೋ. ರೀಲಿನ ಕಾಲ ಮುಗಿದು, ಎರಡು ವರ್ಷದ ಹಿಂದೆ, ೨೦೦೭ರಲ್ಲಿ, ಮೈಸೂರಿಗೆ ಹೋಗಿ ಈ ಡಿಜಿಟಲ್ ಕ್ಯಾಮರಾ ತಂದರು. ಲೆನ್ಸು ಬಿಚ್ಚಿ ಹಾಕುವ ಜಾತಿಯಲ್ಲಿ ಇದೇ ಎಲ್ಲಕ್ಕಿಂತ ಅಗ್ಗದ್ದು. ರೀಲು ಬೇಡ, ತೊಳೆಸುವುದು ಬೇಡ, ತೆಗೆದ ಕೂಡಲೇ ನೋಡಬಹುದು, ಹತ್ತು ಮೆಗಾಪಿಕ್ಸೆಲ್ ಎಂದು ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು. ಹೆಂಡತಿ ಪುಟ್ಟಮಲ್ಲಮ್ಮ ಅದಕ್ಕೆ ಕುಂಕುಮವಿಟ್ಟು ಊದುಬತ್ತಿ ಬೆಳಗಿದರು.

ಹಗಲು ಬಯಲಲ್ಲಿ ಅದು ಬಂಗಾರವೇ. ಮನೆಯೊಳಗೆ ಬಂದರೆ ಫಜೀತಿ. ಬೆಳಕು ಸಾಲದೆಂದು ಐಎಸ್ಒ ಏರಿಸಿದರೆ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ನೆತ್ತಿಯ ಮೇಲಿನ ಪುಟಾಣಿ ಫ್ಲ್ಯಾಶ್ ಎರಡನೇ ಸಾಲಿನವರನ್ನು ಮುಟ್ಟುವುದಿಲ್ಲ. ಒಂದೇ ಸಮನೆ ನಾಲ್ಕು ಸಲ ಮಿಂಚಿತೋ, ಸುಸ್ತಾಗಿ ಕೂರುತ್ತದೆ. ಅದು ತುಂಬಿಕೊಳ್ಳುವ ತನಕ ಗುಂಡಿ ಒತ್ತಿದರೂ ಕ್ಯಾಮರಾ ಜಪ್ಪಯ್ಯ ಅನ್ನುವುದಿಲ್ಲ. ರೀಲು ಕ್ಯಾಮರಾದ ದೊಡ್ಡ ಫ್ಲ್ಯಾಶ್ ಇದಕ್ಕೆ ಹಾಕಿದರೆ ಒಳಗೆ ಸುಟ್ಟುಹೋಗುತ್ತದೆಂದು ಅಂಗಡಿಯವನೇ ಹೆದರಿಸಿ ಕಳಿಸಿದ್ದ.

ಹುಣಸೂರಿನ ಮದುವೆಯೊಂದರಲ್ಲಿ ಆದದ್ದೂ ಅದೇ. ನೆಂಟರೆಲ್ಲ ಮುಗಿಬಿದ್ದು ಫೋಟೋ ತೆಗೆಸಿಕೊಳ್ಳುತ್ತಿದ್ದ ಹೊತ್ತಿಗೇ ಮುಹೂರ್ತ ಬಂತು. ಗಂಡು ತಾಳಿ ಎತ್ತಿದ.

“ಒತ್ತುದೆ, ಒತ್ತುದೆ, ಕಲ್ ಒತ್ತುದಂಗಾಯ್ತು. ಫ್ಲಾಶ್ ಬರಾದ್ರೊಳ್ಗೆ ಗಂಟ್ ಹಾಕಿ ಕುಂತೇಬುಟ್ಟ. ತಾಳಿ ಬಿಚ್ಚಿ ಇನ್ನೊಂದ್ಸಲ ಕಟ್ಟಪ್ಪಾ ಅನ್ನಕ್ಕಾಯ್ತದಾ?”

ಹೆಣ್ಣಿನ ತಂದೆ ಮಂಟಪದಲ್ಲೇ ಮಾನ ಕಳೆದರು. ಸುದ್ದಿ ಕೆ.ಆರ್. ನಗರದವರೆಗೂ ಹೋಯಿತು. ಅಲ್ಲಿಂದಾಚೆಗೆ ಮದುವೆಗೆ ಕರೆದವರಿಲ್ಲ. ಸರಿಹೊಂದುವ ಹೊಸ ಫ್ಲ್ಯಾಶ್ ತೆಗೆದುಕೊಳ್ಳಬಾರದೇ ಎಂದರೆ, “ಮದ್ವೆ ಬಂದ್ರೆ ತಾನೆ ಫ್ಲಾಶು? ಫ್ಲಾಶ್ ಇದ್ರೆ ತಾನೆ ಮದ್ವೆ?” ಎಂದು ನಗುತ್ತಾರೆ. ನಗು ಅಂತೀರಾ ಅದನ್ನ!

ಉಳಿದದ್ದು ಸಾವಿನ ಮನೆ. ಅಲ್ಲಿ ಯಾರೂ ಅವಸರ ಮಾಡುವುದಿಲ್ಲ. ಬರಬರುತ್ತಾ ಊರೇ ಇವರನ್ನು ಸಾವಿನ ಷಣ್ಮುಖಪ್ಪ ಅನ್ನತೊಡಗಿದೆ. ಈಗ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೂ ಜನ ಸ್ಟುಡಿಯೋ ಮೆಟ್ಟಿಲು ಹತ್ತುವುದಿಲ್ಲ. ಬೆಳಗಾಗೆದ್ದು ಚೀಲ ಹೆಗಲಿಗೇರಿಸಿ ಹೊರಟರೆ, ಎದುರಿಗೆ ಬಂದವರು ದಾರಿ ಬದಲಿಸುತ್ತಾರೆ.

ಅಷ್ಟನ್ನೂ ನುಂಗಿಕೊಂಡಿದ್ದ ಮನುಷ್ಯನನ್ನು ಮುರಿದದ್ದು ಮಾತ್ರ ಮಗಳ ಮನೆಯ ತೊಟ್ಟಿಲ ಶಾಸ್ತ್ರ. ಮಗಳು ಪೂಜಾಳನ್ನು ಮಿರ್ಲೆಗೆ ಕೊಟ್ಟಿದ್ದಾರೆ. ಚೊಚ್ಚಲ ಗಂಡು ಮಗು. ಮೊಮ್ಮಗನ ಮೊದಲ ಫೋಟೋ ತಾನೇ ತೆಗೆಯಬೇಕೆಂದು ಷಣ್ಮುಖಪ್ಪ ಲೆನ್ಸು ಒರೆಸಿ, ಬ್ಯಾಟರಿ ತುಂಬಿಸಿ ಕಾಯುತ್ತಿದ್ದರು. ಹಿಂದಿನ ದಿನ ಪೂಜಾ ಫೋನು ಮಾಡಿದಳು.

“ಅಪ್ಪಾಜಿ, ನೀವ್ ಬನ್ನಿ. ಆ ಕ್ಯಾಮರಾ ಮಾತ್ರ ಬ್ಯಾಡ ಅಂತಾವ್ರೆ.”

ಬರಿಗೈಲಿ ಹೋದರು. ಕೆ.ಆರ್. ನಗರದಿಂದ ಬಂದ ಹುಡುಗ ದೊಡ್ಡ ಕ್ಯಾಮರಾದಲ್ಲಿ ಪಟಪಟನೆ ತೆಗೆಯುತ್ತಿದ್ದ. ಷಣ್ಮುಖಪ್ಪ ಕಂಬಕ್ಕೊರಗಿ ಕೈ ಕಟ್ಟಿಕೊಂಡು ನಿಂತರು. ಊಟವಾಗಿ ಹೊರಟಾಗ ಬೀಗರು ಬಸ್‌ಸ್ಟಾಪಿನವರೆಗೂ ಬಂದರು. ಅವರ ತಾಯಿ ಮೂಲೆ ಹಿಡಿದು ತಿಂಗಳುಗಳಾಗಿವೆ.

“ಬೀಗ್ರೇ, ನಮ್ಮವ್ವಂದು ಇವತ್ತೋ ನಾಳ್ಕೋ ಅನ್ನಂಗದೆ. ಫೋನ್ ಮಾಡ್ತಿದ್ದಂಗೇ ಬಂದ್ಬುಡಿ. ಕ್ಯಾಮರಾ ಮರೀಬ್ಯಾಡಿ.”

ಹಾರನಹಳ್ಳಿಯ ಜಗುಲಿಯಲ್ಲಿ ಕೂತು ಇದನ್ನು ಹೇಳುವಾಗ ಷಣ್ಮುಖಪ್ಪನವರ ದನಿ ಇಳಿಯುತ್ತದೆ. ಒಳಗೆ ಬಸವಮ್ಮನವರನ್ನು ಎತ್ತಲು ಸಿದ್ಧತೆ ನಡೆದಿದೆ.

“ಆಗ್ಲಿ ಅಂದೆ. ಬಸ್ಸಲ್ ಕುಂತ್ಮೇಲೆ ತಲೇಗ್ ಬಂತು. ಆ ಅವ್ವನ್ನ ಕೂರುಸ್ದಾಗ ಮರಿಮಗನ್ನೂ ಎತ್ಕಂಡ್ ಪಕ್ದಲ್ ನಿಂತ್ಕತಾರಲ್ವಾ? ಆಗ ನನ್ ಮೊಮ್ಮಗಂದು ಒಂದ್ ಫೋಟೋ ನಾನೇ ತಗೀಬೋದು. ಅಂಗನ್ನುಸ್ಬುಡ್ತು ಕಣ್ರೀ. ಥೂ!” ಎಂದು ಮುಖ ತಿರುಗಿಸುತ್ತಾರೆ. ಕ್ಯಾಮರಾವನ್ನು ಚೀಲಕ್ಕೆ ಇಳಿಸಿ ಜಿಪ್ಪು ಎಳೆಯುತ್ತಾರೆ.

“ಆ ಅವ್ವ ಇನ್ನೂ ಹತ್ತೊರ್ಸ ಬಾಳ್ಲಿ ಅಂತ ದಿನಾ ಕೈ ಮುಗೀತೀನಿ. ಮುಗೀವಾಗ್ಲೂ ಮಗೀನ ಮಕಾನೇ ಕಣ್ಮುಂದೆ ಬತ್ತದೆ.”