ನನಗಿಂತ ಮೊದಲು ಮಮದಾಪುರಕ್ಕೆ ಹೋದವನು

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥವುಗಳ ಮಾತು ಬಂದರೆ ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಈಗ ಎಲ್ಲವನ್ನೂ ನಂಬುತ್ತೇನೆಂದರೆ ಸುಳ್ಳಾದೀತು. ಆದರೆ ನೌಕರಿಯ ಮೊದಲ ದಿನ ನಡೆದದ್ದಕ್ಕೆ ಏನು ಹೇಳಬೇಕೆಂದು ನನಗಿನ್ನೂ ಗೊತ್ತಾಗಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಪಶುವೈದ್ಯ ಪದವಿ ಮುಗಿಸಿ ಎರಡು ತಿಂಗಳಿಗೆ ಬಬಲೇಶ್ವರದ ದನದ ದವಾಖಾನೆಗೆ ನೇಮಕವಾಯಿತು. ವಿಜಾಪುರದ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ. ಶಾಯಿ ಆರುವ ಮುನ್ನವೇ ಮಮದಾಪುರದ ಮಲ್ಲಪ್ಪನೆಂಬ ರೈತ ಬಾಗಿಲಲ್ಲಿ ನಿಂತಿದ್ದ.

"ಲಗೂ ಬರ್ರಿ ಸಾಹೇಬ್ರ. ನೀವು ಹೇಳಿದಂಗ ಎಮ್ಮಿ ಇವತ್ತ ನೋವು ತಿನ್ನಾಕತ್ತೈತಿ."

ನನಗಿಂತ ಹಿಂದೆ ಇದ್ದ ಡಾಕ್ಟರು ಹೇಳಿರಬೇಕು ಎಂದುಕೊಂಡು ಅವನ ಜೊತೆ ಹೊರಟೆ.

ಅವನ ಹೆಂಡತಿ ಬಾಳವ್ವ ಬಿಸಿನೀರು, ಸಾಬೂನು, ಕೊಬ್ಬರಿ ಎಣ್ಣೆ, ತೊಳೆದ ಹಗ್ಗ ಎಲ್ಲವನ್ನೂ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದಳು. ಇದನ್ನೆಲ್ಲ ಯಾರು ಹೇಳಿದರು ಎಂದು ಕೇಳಿದೆ.

"ನೀವೇ ಅಲ್ರಿ? ನಿನ್ನಿ ಸಂಜಿಮುಂದ ಬಂದು, ನಾಳೆ ಈಯತೈತಿ, ಕರುವಿನ ಎಡ ಮುಂಗಾಲು ಮಡಚೈತಿ, ಅಂಜಬ್ಯಾಡ್ರಿ, ನಾ ಬರ್ತೀನಿ ಅಂದು ಹೋದ್ರಿ. ಇದೇ ನೀಲಿ ಪಟ್ಟಿ ಅಂಗಿ ಹಾಕ್ಕೊಂಡಿದ್ರಿ."

ನಾನು ಮೈಮೇಲಿನ ಅಂಗಿಯನ್ನೊಮ್ಮೆ ನೋಡಿಕೊಂಡೆ. ಹಿಂದಿನ ಸಂಜೆ ನಾನು ವಿಜಾಪುರದಲ್ಲಿ ದರ್ಜಿಯ ಅಂಗಡಿಯಲ್ಲಿ ಜಗಳವಾಡುತ್ತ ನಿಂತಿದ್ದೆ. ಆಗ ಆ ಅಂಗಿಗೆ ಗುಂಡಿಯೇ ಇರಲಿಲ್ಲ, ಒಂದು ತೋಳು ಮಷಿನ್ನಿನ ಮೇಲೆ ಬಿದ್ದಿತ್ತು. ಅಂಗಿ ನನ್ನ ಕೈ ಸೇರಿದ್ದು ಬೆಳಗ್ಗೆ, ಬಸ್ಸಿಗೆ ಹೊರಡುವ ಹೊತ್ತಿಗೆ.

ವಾದ ಮಾಡಲು ಸಮಯವಿರಲಿಲ್ಲ. ಎಣ್ಣೆ ಹಚ್ಚಿಕೊಂಡು ಕೈ ಹಾಕಿದೆ. ಕರುವಿನ ತಲೆ ಸಿಕ್ಕಿತು, ಬಲಗಾಲು ಸಿಕ್ಕಿತು. ಎಡಗಾಲು ಮೊಣಕಾಲಿನಲ್ಲಿ ಹಿಂದಕ್ಕೆ ಮಡಚಿತ್ತು. ಹಿಂದಿನ ದಿನ ಹೊರಗೆ ನಿಂತು ಹೇಳಬಹುದಾದ ಸಂಗತಿಯಲ್ಲ ಅದು. ಇದನ್ನು ಸರಿಪಡಿಸುವುದನ್ನು ಕಾಲೇಜಿನಲ್ಲಿ ಎರಡು ಸಲ ನೋಡಿದ್ದೆ, ಮಾಡಿರಲಿಲ್ಲ. ತಪ್ಪಿದರೆ ಕರುವೂ ಹೋಗುತ್ತದೆ, ಎಮ್ಮೆಯೂ ಹೋಗುತ್ತದೆ.

ಬಾಳವ್ವ ನಕ್ಕುಬಿಟ್ಟಳು. "ನಿನ್ನಿ ಅಷ್ಟು ಧೈರ್ಯ ಹೇಳಿದವರು ಇವತ್ತ್ಯಾಕ ಹಿಂದ ಮುಂದ ನೋಡ್ತೀರಿ? ನಿಮಗ ಬರತೈತಿ, ಮಾಡ್ರಿ."

ಆ ನಿನ್ನೆಯವನ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಮಾತು ಕೊಟ್ಟವನು ಅವನು, ಉಳಿಸಬೇಕಾದವನು ನಾನು! ಸಿಟ್ಟಿನಲ್ಲಿ ಅಳುಕು ಮರೆತುಹೋಯಿತು. ತಲೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಕಾಲನ್ನು ನೇರ ಮಾಡಿದೆ. ಅರ್ಧ ಗಂಟೆಯಲ್ಲಿ ಕರು ಹಾಸಿದ್ದ ಜೋಳದ ಕಣಿಕೆಯ ಮೇಲೆ ಬಿದ್ದು ಸೀನಿತು. ಮಲ್ಲಪ್ಪ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಹೊಸ ಅಂಗಿ ಹಾಳಾಗಿತ್ತು, ನಾನು ಹುಚ್ಚನಂತೆ ನಗುತ್ತಿದ್ದೆ.

ಸಂಜೆ ದವಾಖಾನೆಯಲ್ಲಿ ವಿಚಾರಿಸಿದೆ. ಹಿಂದಿನ ಡಾಕ್ಟರು ಮುದುಕರು, ಧಡೂತಿ ಆಳು, ಹತ್ತು ದಿನದ ಹಿಂದೆಯೇ ವರ್ಗವಾಗಿ ಹೋಗಿದ್ದರು. ಬೇರೆ ಯಾರೂ ಆ ಕಡೆ ಹೋಗಿರಲಿಲ್ಲ.

ಮುಂದೆ ಎಷ್ಟೋ ವರ್ಷ ಮಮದಾಪುರಕ್ಕೆ ಹೋಗಿ ಬಂದೆ. "ಅವತ್ತು ಬಂದವನು ಬೇರೆ ಯಾರೋ ಇರಬೇಕು ಬಾಳವ್ವ" ಎಂದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು.

"ನನ್ನ ಕಣ್ಣಿಗೇನು ಪೊರಿ ಬಂದಿತ್ತೇನ್ರಿ? ಇಲ್ಲೇ ಕುಂತು ಎರಡ ಕಪ್ಪ ಚಾ ಕುಡದು ಹೋಗೀರಿ!"

ಆಗ ನನಗೆ ಚಹಾದ ರೂಢಿಯೇ ಇರಲಿಲ್ಲ. ಅದನ್ನು ಹೇಳಿದರೆ "ಹಂಗಾರ ಅವತ್ತು ಬಂದವರು ಯಾರ್ರಿ?" ಎಂದು ಅವಳು ನನ್ನನ್ನೇ ಕೇಳುತ್ತಿದ್ದಳು. ಅದಕ್ಕೇ ಪ್ರತಿ ಸಲವೂ ಅವಳು ಕೊಟ್ಟ ಚಹಾ ಕುಡಿದು ಎದ್ದು ಬರುತ್ತಿದ್ದೆ.