ಬುರುಲ್ಚಾ ಅಜ್ಜಿ ಬಿಡಿಸಿದ ಚಹಾದ ಲೆಕ್ಕ

ತಲಾಸ್ ಪಟ್ಟಣದ ಡೈರಿಯಲ್ಲಿ ಹಾಲಿನ ಕೊಬ್ಬು ಅಳೆಯುತ್ತಲೇ ತಲೆ ನರೆಸಿಕೊಂಡ ಬುರುಲ್ಚಾ ಅಜ್ಜಿಗೆ, ತಾನೂ ಒಬ್ಬ ವಿಜ್ಞಾನಿಯೇ ಇರಬೇಕೆಂಬ ಗುಮಾನಿ ಮೊದಲಿನಿಂದಲೂ ಇತ್ತು. ನಿವೃತ್ತಿಯಾದ ಮೇಲೆ ಗುಮಾನಿ ಹೋಗಿ ನಂಬಿಕೆಯೇ ಬಂದುಬಿಟ್ಟಿತು. ಸಂಜೆ ಮೊಮ್ಮಗಳು ಸೆಜಿಮ್ ಭೌತಶಾಸ್ತ್ರದ ಪುಸ್ತಕ ಬಿಚ್ಚುವುದೇ ತಡ, ಅಜ್ಜಿ ಕನ್ನಡಕ ಏರಿಸಿ, ಒಣದ್ರಾಕ್ಷಿಯ ತಟ್ಟೆ ಹಿಡಿದು ಪಕ್ಕದಲ್ಲಿ ಹಾಜರಾಗುತ್ತಿದ್ದಳು.

ಲೆಕ್ಕ ಬಿಡಿಸುವುದಕ್ಕಿಂತ ಲೆಕ್ಕದೊಳಗಿನ ಮನುಷ್ಯರ ಕಷ್ಟಸುಖ ವಿಚಾರಿಸುವುದೇ ಅವಳಿಗೆ ಹೆಚ್ಚು ಇಷ್ಟ. ಒಂದೂರಿನಿಂದ ಇನ್ನೊಂದೂರಿಗೆ ಎಲ್ಲೂ ನಿಲ್ಲದೆ ಒಂದೇ ವೇಗದಲ್ಲಿ ಹೋಗುವ ಸವಾರನಿಗೆ ದಾರಿಯಲ್ಲಿ ನೆಂಟರೇ ಇಲ್ಲವೇ ಎಂದು ಕೇಳುವಳು. ಒಂಬತ್ತು ಜನ ಕೂಲಿಯವರು ಎತ್ತುವ ಕಲ್ಲಿನ ತೂಕ ಕೇಳಿದರೆ, ಅವರಿಗೆ ಮಧ್ಯಾಹ್ನದ ಊಟ ಯಾರು ಹಾಕಿದರು ಎಂಬ ಚಿಂತೆ. ಇಷ್ಟೆಲ್ಲ ಆದ ಮೇಲೂ ಉತ್ತರ ಬರುತ್ತಿತ್ತು, ಕೆಲವು ಸಲ ಸರಿಯಾಗಿಯೇ.

ಸೊಸೆ ನಜೀರಾಗೆ ಈ ಕೆಲವು ಸಲ ಸಾಲಲಿಲ್ಲ. ಮಗಳಿಗೆ ಐದಕ್ಕೆ ಎರಡು ಅಂಕ ಬರತೊಡಗಿದಾಗ, ಇನ್ನೊಮ್ಮೆ ಹೀಗಾದರೆ ಹೊರಗಿನಿಂದ ಮೇಷ್ಟರನ್ನು ಕರೆಸುತ್ತೇನೆ, ಆಗ ಅತ್ತೆ ಆ ಕೋಣೆಯ ಕಡೆ ಬರುವುದು ಬೇಡ ಎಂದು ಮೆಲ್ಲಗೇ ಹೇಳಿದಳು. ಅಜ್ಜಿ ಮೇಲ್ನೋಟಕ್ಕೆ ನಕ್ಕಳು, ಒಳಗೊಳಗೇ ಹೆದರಿದಳು. ಬೆಳಗಾದರೆ ಎಲ್ಲರೂ ಅವರವರ ಕೆಲಸಕ್ಕೆ ಓಡುವ ಆ ಮನೆಯಲ್ಲಿ, ಅವಳ ಪಾಲಿಗೆಂದು ಇದ್ದದ್ದು ಸಂಜೆಯ ಆ ಹೊತ್ತು ಮಾತ್ರ.

ಆ ವಾರವೇ ಚಹಾದ ಲೆಕ್ಕ ಬಂತು. ಹತ್ತು ಜನ ಅತಿಥಿಗಳು, ಒಬ್ಬೊಬ್ಬರಿಗೆ ಒಂದು ಬಟ್ಟಲು ಚಹಾ. ಬಟ್ಟಲಿಗೆ ಇನ್ನೂರು ಗ್ರಾಂ ನೀರು ಹಿಡಿಯುತ್ತದೆ. ಇಪ್ಪತ್ತು ಡಿಗ್ರಿಯ ನೀರು ನೂರಕ್ಕೆ ಏರಲು ಎಷ್ಟು ಶಾಖ ಬೇಕು? ಅಜ್ಜಿ ತೋಳೇರಿಸಿ ಕೂತಳು. ಚಹಾದ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿರಲಿಲ್ಲ.

"ಬಟ್ಟಲು ತುಂಬ ಸುರಿಯೋದಾ? ಕುಡಿದು ಎದ್ದು ಹೋಗಿ ಅಂತ ಹೇಳಿದ ಹಾಗಾಗುತ್ತೆ ಕಣೇ. ಮರ್ಯಾದಸ್ಥರ ಮನೇಲಿ ಅರ್ಧ ಬಟ್ಟಲೇ ಕೊಡೋದು. ಎಲ್ಲಾ ಸೇರಿ ಒಂದು ಕಿಲೋ ನೀರು ಅಂತ ಬರಿ."

ಸೆಜಿಮ್ ಒಂದು ಕ್ಷಣ ಅಜ್ಜಿಯ ಮುಖ ನೋಡಿದಳು. ಆಮೇಲೆ ಒಂದು ಕಿಲೋ ಎಂದೇ ಬರೆದಳು. ಶಾಖವೂ ಮರ್ಯಾದೆಯಿಂದ ಅರ್ಧಕ್ಕಿಳಿಯಿತು. ಶಾಲೆಯಲ್ಲಿ ಮತ್ತೆ ಎರಡು ಅಂಕ ಬಿತ್ತು.

ಮರುದಿನ ಸಂಜೆ ನಜೀರಾ ಆ ಲೆಕ್ಕವನ್ನು ನಿಂತಲ್ಲೇ ಬಿಡಿಸಿ ಮಗಳ ಮುಂದಿಟ್ಟಳು. ಇನ್ನೂರು ಗ್ರಾಂ ಎಂದು ಪುಸ್ತಕವೇ ಹೇಳಿರುವಾಗ ಅಷ್ಟೂ ತಿಳಿಯಲಿಲ್ಲವೇ ಎಂದು ಕೇಳಿದಳು. ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಳ್ಳಲು ಅಜ್ಜಿ ಅಡುಗೆಮನೆಯಿಂದ ಸೌಟು ಹಿಡಿದೇ ಧಾವಿಸಿ ಬಂದಳು. ಅಷ್ಟರಲ್ಲಿ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಗೊತ್ತಿತ್ತಮ್ಮ. ನಂಗೆ ಎಲ್ಲಾ ಲೆಕ್ಕಾನೂ ಬರುತ್ತೆ. ನಾನೇ ಮಾಡ್ಕೊಂಡ್ರೆ ಅಜ್ಜಿ ಯಾಕೆ ಬಂದು ಕೂತ್ಕೋತಾರೆ?"

ಅಜ್ಜಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಇಷ್ಟು ದಿನ ಯಾರು ಯಾರಿಗೆ ಜೊತೆ ಕೊಟ್ಟದ್ದೆಂದು ಈಗ ತಿಳಿಯಿತು. ಸೌಟನ್ನು ಮೇಜಿನ ಮೇಲಿಟ್ಟು ಮೊಮ್ಮಗಳ ಪಕ್ಕದಲ್ಲಿ ಕೂತಳು.

"ಹಾಗಿದ್ರೆ ಇವತ್ತಿಂದ ನೀನು ಹೇಳಿಕೊಡು, ನಾನು ಬಿಡಿಸ್ತೀನಿ. ಎರಡು ಬಂದ್ರೆ ನಂಗೇ ಬರಲಿ."

ನಜೀರಾ ಒಂದು ಪೆನ್ಸಿಲ್ ಚೂಪು ಮಾಡಿ ತಂದು ಅತ್ತೆಯ ಕೈಗಿಟ್ಟಳು.